ಹೊನ್ನಾವರದ ದೋಣಿ, ಜೋಗದ ಚಿತ್ರ

ಜೋಗದ ಹಳೆಯ ಫೋಟೊಗಳನ್ನೂ ಈಗಿನವನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಎದ್ದು ಕಾಣುವುದು ನೀರಿನ ಪ್ರಮಾಣಕ್ಕಿಂತ ಮೊದಲು ಹವೆ. ನೂರು ವರ್ಷದ ಹಿಂದಿನ ಚಿತ್ರಕಾರ್ಡುಗಳ ಜೋಗದಲ್ಲಿ ನಾಲ್ಕು ಧಾರೆಗಳು ಬೇರೆಬೇರೆಯಾಗಿ ಕಾಣುತ್ತವೆ. ಅವುಗಳ ನಡುವೆ ಕಪ್ಪು ಬಂಡೆಯ ಸೀಳುಗಳನ್ನು ಎಣಿಸಬಹುದು, ಕೆಳಗೆ ಕಣಿವೆಯ ತಳದವರೆಗೂ ನೋಟ ಹರಿಯುತ್ತದೆ. ಈಗ ಮೊಬೈಲಿನಿಂದ ಮೊಬೈಲಿಗೆ ಹೋಗುವ ಜೋಗ ಆಷಾಢ–ಶ್ರಾವಣದ್ದು. ಕೆಂಪು ನೀರು ಬಂಡೆಯನ್ನೆಲ್ಲ ಮುಚ್ಚಿ ಬೀಳುತ್ತದೆ, ಚಿತ್ರದ ಅರ್ಧ ಭಾಗ ಮಂಜಿನಲ್ಲಿ ಅಳಿಸಿಹೋಗಿರುತ್ತದೆ, ಮುಂದೆ ಕೊಡೆಗಳ ಸಾಲು. ಬಂಡೆ ಅದೇ, ಹೊಳೆ ಅದೇ. ಆದರೆ ಜನ ಅಲ್ಲಿಗೆ ಹೋಗುವ ಕಾಲ ಚಳಿಗಾಲದಿಂದ ಮಳೆಗಾಲಕ್ಕೆ ಜರುಗಿದೆ. ಆ ಜರುಗುವಿಕೆಗೆ ಶರಾವತಿಗೆ ಕಟ್ಟಿದ ಅಣೆಕಟ್ಟೇ ಕಾರಣವೆಂಬುದು ಎಲ್ಲರಿಗೂ ಗೊತ್ತಿರುವ ಮಾತು. ಅಷ್ಟಾಗಿ ಯಾರೂ ಕೇಳದಿರುವ ಪ್ರಶ್ನೆ ಅದಕ್ಕಿಂತ ಹಿಂದಿನದು: ಮೊದಲಿಗೆ ಜೋಗವನ್ನು ಚಳಿಗಾಲದ ನೋಟವಾಗಿ ಮಾಡಿದವರು ಯಾರು? ಘಟ್ಟದ ಮೇಲಿನ ಈ ಜಲಪಾತವನ್ನು ಯಾವ ತಿಂಗಳಲ್ಲಿ, ಯಾವ ದಂಡೆಯಿಂದ, ಯಾವ ಹೆಸರಿಟ್ಟು ನೋಡಬೇಕೆಂದು ತೀರ್ಮಾನಿಸಿದ್ದು ಬಹುಮಟ್ಟಿಗೆ ಕರಾವಳಿ, ಅದರಲ್ಲೂ ಹೊನ್ನಾವರದ ಅಳಿವೆ ಎಂಬುದು ಈ ಲೇಖನದ ವಾದ.

ಜೋಗ ನೋಡುವ ಜಾಗವಾಗುವುದಕ್ಕೂ ಹಿಂದೆ ಈ ಸೀಮೆಯಲ್ಲಿ ಓಡಾಡಿದ ಪರದೇಶಿಗಳು ಕಡಿಮೆಯೇನಲ್ಲ. ವಿಜಯನಗರಕ್ಕೆ ಕುದುರೆ ಇಳಿಯುತ್ತಿದ್ದ ಬಂದರು ಭಟ್ಕಳ. 1520ರ ಸುಮಾರಿಗೆ ಅಲ್ಲಿಂದ ಘಟ್ಟ ಹತ್ತಿಹೋದ ಪೋರ್ಚುಗೀಸ್ ದೊಮಿಂಗೊ ಪಾಯೆಸ್, ಆ ದಾರಿಯಲ್ಲಿ ಬಂದರಿಗೆ ಸರಕು ಹೊತ್ತು ಬರುವ ಸಾವಿರಗಟ್ಟಲೆ ಹೇರೆತ್ತುಗಳ ಬಗ್ಗೆ ಬರೆದಿದ್ದಾನೆ. ಗೇರುಸೊಪ್ಪೆಯಲ್ಲಿ ರಾಣಿ ಚೆನ್ನಭೈರಾದೇವಿ ಆಳುತ್ತಿದ್ದಾಗ ಪೋರ್ಚುಗೀಸರು ಆಕೆಯನ್ನು ಮೆಣಸಿನ ರಾಣಿಯೆಂದೇ ಕರೆದರು. ಘಟ್ಟದ ಕಾಳುಮೆಣಸು ಗೇರುಸೊಪ್ಪೆಗೆ ಇಳಿದು, ಅಲ್ಲಿ ದೋಣಿಯೇರಿ, ಶರಾವತಿಯ ಕೆಳಹರಿವಿನಲ್ಲಿ ಹೊನ್ನಾವರ ಸೇರುತ್ತಿತ್ತು. ಹೊಳೆಗೆ ಇದ್ದ ಬೆಲೆ ದೋಣಿ ನಡೆಯುವಷ್ಟು ದೂರದವರೆಗೆ. ಅದರಿಂದಾಚೆ ಹೊಳೆ ಬಂಡೆ ಹಾರುವ ಜಾಗ ವ್ಯಾಪಾರಿಗೆ ಸುತ್ತಿಕೊಂಡು ಹೋಗಬೇಕಾದ ಅಡ್ಡಿಯಾಗಿತ್ತು, ಅಷ್ಟೇ.

1623ರಲ್ಲಿ ಇದೇ ದಾರಿ ಹಿಡಿದ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆಯ ಪತ್ರಗಳು ಇನ್ನೂ ಬೆಲೆಯುಳ್ಳ ಸಾಕ್ಷಿ. ಗೋವೆಯ ಪೋರ್ಚುಗೀಸರು ಇಕ್ಕೇರಿಯ ವೆಂಕಟಪ್ಪ ನಾಯಕನ ಬಳಿಗೆ ಕಳಿಸಿದ ರಾಯಭಾರಿಯ ಜೊತೆಗೆ ಅವನು ಹೊನ್ನಾವರದಲ್ಲಿ ದೋಣಿ ಹತ್ತಿ ಗೇರುಸೊಪ್ಪೆಗೆ ಬಂದ. ಎರಡೂ ದಂಡೆಯ ಹಸಿರನ್ನು ಮನಸಾರೆ ಹೊಗಳಿದ. ರಾಣಿಯ ಕಾಲ ಮುಗಿದು ಇಪ್ಪತ್ತು ವರ್ಷವೂ ಆಗಿರಲಿಲ್ಲ, ಅಷ್ಟರಲ್ಲೇ ಪಟ್ಟಣ ಕಾಡು ಬೆಳೆದು ಪಾಳುಬಿದ್ದದ್ದನ್ನು ದಾಖಲಿಸಿದ. ಘಟ್ಟ ಹತ್ತಿದ ಮೇಲೆ ಒಂದು ದೇವಸ್ಥಾನದ ಜಗಲಿಯಲ್ಲಿ, ಹೊರೆಯಾಳುಗಳು ಸಾಮಾನು ಸರಿಮಾಡಿಕೊಳ್ಳುವ ಹೊತ್ತಿನಲ್ಲಿ, ಚಿಕ್ಕ ಹುಡುಗರು ಲೆಕ್ಕ ಕಲಿಯುವುದನ್ನು ನೋಡುತ್ತ ಕೂತ. ನೆಲದ ಮೇಲೆ ನುಣ್ಣನೆ ಮರಳು ಹರಡಿ, ಪಾಠವನ್ನು ರಾಗವಾಗಿ ಹೇಳುತ್ತ, ಬೆರಳಿನಿಂದ ಅಂಕಿ ಬರೆದು, ಮರಳು ತುಂಬಿದಾಗ ಮತ್ತೆ ಹರಡಿ ಮುಂದುವರಿಸುವ ಆ ಕ್ರಮವನ್ನು ಅವನು ವಿವರಿಸಿದ ರೀತಿ ಇವತ್ತಿಗೂ ನಮ್ಮ ಹಳೆಯ ಶಾಲೆಗಳ ಚರಿತ್ರೆಗೆ ಆಧಾರ. ಇಷ್ಟು ಸೂಕ್ಷ್ಮವಾಗಿ ಕಣ್ಣಿಟ್ಟವನು ಅಲ್ಲಿಂದ ಕೆಲವೇ ಹರದಾರಿ ದೂರದಲ್ಲಿ ಎಂಟುನೂರು ಅಡಿ ಧುಮುಕುವ ಹೊಳೆಯ ಬಗ್ಗೆ ಒಂದು ಮಾತೂ ಬರೆಯುವುದಿಲ್ಲ.

ಮೌನವನ್ನು ಪುರಾವೆಯಾಗಿ ಎಣಿಸಬಾರದು ಎಂಬ ಆಕ್ಷೇಪ ಸರಿಯಾದದ್ದೇ. ದೆಲ್ಲಾ ವಾಲ್ಲೆ ರಾಯಭಾರಿಯ ಪರಿವಾರದಲ್ಲಿದ್ದವನು, ದಾರಿ ಬಿಟ್ಟು ಕಾಡು ಹೊಗುವ ಸ್ವಾತಂತ್ರ್ಯ ಅವನಿಗೆ ಇದ್ದಿರಲಾರದು. ಆದರೆ ನನ್ನ ವಾದಕ್ಕೆ ಅವನು ಜಲಪಾತ ನೋಡಲಿಲ್ಲ ಎಂಬುದಕ್ಕಿಂತ, ದಾರಿಯಲ್ಲಿ ಯಾರೂ ಅವನಿಗೆ ಅದನ್ನು ನೋಡತಕ್ಕ ಜಾಗವೆಂದು ಹೇಳಿದ ಸುಳಿವಿಲ್ಲ ಎಂಬುದು ಮುಖ್ಯ. ಪಾಳುಬಿದ್ದ ಅರಮನೆಯ ಕಥೆ, ರಾಣಿಯ ಕಥೆ, ದೇವಸ್ಥಾನದ ಕಥೆ ಹೇಳಿದವರು ಇದ್ದರು. ಧುಮುಕುವ ನೀರು ಆ ಪಟ್ಟಿಯಲ್ಲಿ ಇರಲಿಲ್ಲ. ಹಾಗಾದರೆ ನಮ್ಮ ಜನಕ್ಕೆ ಜಲಪಾತ ಗೊತ್ತೇ ಇರಲಿಲ್ಲವೇ ಎಂದು ಯಾರಾದರೂ ಕೇಳಿದರೆ, ಅದಕ್ಕೆ ಉತ್ತರ ಹೊನ್ನಾವರದ ಪಕ್ಕದಲ್ಲೇ ಸಿಗುತ್ತದೆ. ಕಾಸರಕೋಡಿನ ಗುಡ್ಡದಲ್ಲಿರುವ ಅಪ್ಸರಕೊಂಡ ಚಿಕ್ಕ ಜಲಪಾತ. ಅದರ ಬುಡದಲ್ಲಿ ಕೊಳ, ಬಂಡೆಯಲ್ಲಿ ಪಾಂಡವರ ಹೆಸರಿನ ಗುಹೆಗಳು, ಹತ್ತಿರದಲ್ಲೇ ಉಗ್ರನರಸಿಂಹನ ಗುಡಿ. ಭಟ್ಕಳದಿಂದ ಕೋಗಾರ ಘಟ್ಟದ ಕಡೆ ಹೋದರೆ ಭೀಮೇಶ್ವರದಲ್ಲಿಯೂ ಇದೇ ಜೋಡಣೆ: ಮೇಲಿಂದ ಬೀಳುವ ನೀರು, ಕೆಳಗೆ ಶಿವನ ಗುಡಿ. ಇಂಥ ಕಡೆ ಜನ ಹೋಗುತ್ತಿದ್ದದ್ದು ಮೀಯಲು, ಪೂಜೆಗೆ, ಹರಕೆಗೆ. ಅಂದರೆ ನೀರಿನ ಕೆಳಗೆ ನಿಲ್ಲಲು. ಬೀಳುವ ನೀರಿನ ನಿತ್ಯದ ಬಳಕೆಯನ್ನು ಸಿದ್ದಾಪುರ–ಶಿರಸಿ ಕಡೆಯ ತೋಟಿಗರು ಇನ್ನೊಂದು ಬಗೆಯಲ್ಲಿ ಬಲ್ಲರು. ಗುಡ್ಡದ ಒರತೆಗೆ ಅಡಿಕೆ ಮರದ ದಬ್ಬೆ ಜೋಡಿಸಿ ಹಿತ್ತಿಲ ಬಚ್ಚಲವರೆಗೆ ನೀರು ತರುವ ಅಬ್ಬಿ ನೀರು ಅದು. ದಬ್ಬೆಯ ಒಳಮೈಯನ್ನು ಕೆತ್ತಿ, ಕವೆಗೋಲು ನೆಟ್ಟು, ಒಂದರ ತುದಿ ಇನ್ನೊಂದರ ಬಾಯಿಗೆ ಬರುವಂತೆ ಇಳಿಜಾರು ಹಿಡಿದರೆ ಪಂಪು, ಕರೆಂಟು ಯಾವುದೂ ಬೇಡ. ಇವೆರಡೂ ನೀರಿನ ಜೊತೆಗಿನ ಹತ್ತಿರದ ನಂಟು. ಕಣಿವೆಯ ಆಚೆ ದಡದಲ್ಲಿ, ನೀರು ತಾಗದಷ್ಟು ದೂರದಲ್ಲಿ ನಿಂತು ಜಲಪಾತವನ್ನು ಪೂರ್ತಿಯಾಗಿ ಕಣ್ಣಿಗೆ ತಂದುಕೊಳ್ಳುವ ಅಭ್ಯಾಸ ಇವುಗಳಿಂದ ಬಂದದ್ದಲ್ಲ, ಅದರ ಹುಟ್ಟು ಬೇರೆ.

ಅದು ಬಂದದ್ದು ಹೊನ್ನಾವರದ ಬಂದರಿನಿಂದ. ಹತ್ತೊಂಬತ್ತನೆಯ ಶತಮಾನದಲ್ಲಿ ಮುಂಬಯಿಯಿಂದ ಜೋಗಕ್ಕೆ ಹೊರಟ ಪ್ರವಾಸಿ ಕರಾವಳಿಯ ಹಡಗಿನಲ್ಲಿ ಬಂದು ಇಳಿಯುತ್ತಿದ್ದ. ಅಲ್ಲಿ ದೋಣಿ ಗೊತ್ತುಮಾಡಿ, ಉಬ್ಬರದ ನೀರು ಹೊಳೆಯ ಒಳಕ್ಕೆ ತಳ್ಳುವ ಹೊತ್ತನ್ನು ಕಾದು ಹೊರಟರೆ ಸುಮಾರು 30 ಕಿಲೋಮೀಟರ್ ಮೇಲೆ ಗೇರುಸೊಪ್ಪೆ. ಅಲ್ಲಿಗೆ ಉಬ್ಬರದ ಬಲವೂ ದೋಣಿದಾರಿಯೂ ಮುಗಿಯುತ್ತವೆ. ಮುಂದೆ ಹೆಚ್ಚುಕಡಿಮೆ ಅಷ್ಟೇ ದೂರ ಮಾಲೆಮನೆ ಘಟ್ಟದ ಏರು, ಮೇನೆಯಲ್ಲೋ ಕುದುರೆಯ ಮೇಲೋ ಕಾಲ್ನಡಿಗೆಯಲ್ಲೋ. ಜೇಮ್ಸ್ ಕ್ಯಾಂಬೆಲ್ ಸಂಪಾದಿಸಿದ ಮುಂಬಯಿ ಪ್ರಾಂತ್ಯದ ಗ್ಯಾಸೆಟಿಯರಿನ ಕೆನರಾ ಸಂಪುಟ 1883ರಲ್ಲಿ ಪ್ರಕಟವಾಯಿತು. ಅದರಲ್ಲಿ ಜಲಪಾತದ ವಿವರಣೆಗೆ ಸಿಕ್ಕಿರುವ ಜಾಗವೂ ಕಾಳಜಿಯೂ ಜಿಲ್ಲೆಯ ಅನೇಕ ಊರುಗಳಿಗೆ ಸಿಕ್ಕಿಲ್ಲ. ಇಂಗ್ಲಿಷ್ ಬಲ್ಲ ಜಗತ್ತು ಈ ಜಲಪಾತವನ್ನು ನೂರು ವರ್ಷಕ್ಕೂ ಹೆಚ್ಚು ಕಾಲ ಗೇರುಸೊಪ್ಪೆ ಜಲಪಾತವೆಂದೇ ಕರೆಯಿತು. ಗೇರುಸೊಪ್ಪೆ ಇರುವುದು ಘಟ್ಟದ ಬುಡದಲ್ಲಿ, ಜಲಪಾತ ಘಟ್ಟದ ನೆತ್ತಿಯಲ್ಲಿ. ಆದರೂ ಆ ಹೆಸರು ನಿಂತಿತು, ಏಕೆಂದರೆ ಬಂದವರು ದೋಣಿ ಇಳಿದ ಊರು ಅದು.

ಈ ದಾರಿ ಪ್ರವಾಸದ ತಿಂಗಳನ್ನೂ ಗೊತ್ತುಮಾಡಿತು. ಜೂನ್ ತಿಂಗಳು ಬಂತೆಂದರೆ ನಮ್ಮ ಕರಾವಳಿಯ ಬಂದರುಗಳು ಮುಚ್ಚುತ್ತಿದ್ದವು. ಹೊನ್ನಾವರದ ಅಳಿವೆಯ ಬಾಯಲ್ಲಿ ಮರಳದಿಬ್ಬ ಸರಿಯುತ್ತಲೇ ಇರುತ್ತದೆ. ಒಳ್ಳೆಯ ಹವೆಯಲ್ಲೇ ಅಲ್ಲಿ ದೋಣಿ ದಾಟಿಸುವುದು ನುರಿತವರ ಕೆಲಸ, ಮಳೆಗಾಲದ ಅಲೆಯಲ್ಲಿ ಅಸಾಧ್ಯ. ನೂಲು ಹುಣ್ಣಿಮೆಗೆ ಸಮುದ್ರಪೂಜೆ ಮಾಡಿ ತೆಂಗಿನಕಾಯಿ ಬಿಟ್ಟ ಮೇಲೆ ಸಾಗರ ನಿಧಾನವಾಗಿ ತೆರೆಯುತ್ತಿತ್ತು, ಹಡಗುಗಳು ಮತ್ತೆ ಬರುವ ಹೊತ್ತಿಗೆ ಶರತ್ಕಾಲ. ಹೀಗಾಗಿ ಮುಂಬಯಿಯ ಪ್ರವಾಸಿಗೆ ಜೋಗವೆಂದರೆ ನವೆಂಬರ್‌ನಿಂದ ಆಚೆಯ ಜೋಗ. ಮಳೆ ನಿಂತ ಮೇಲೆ, ಹೊಳೆ ತಿಳಿಯಾದ ಮೇಲೆ, ಘಟ್ಟದ ದಾರಿಯ ಕೆಸರು ಆರಿ ಜಿಗಣೆ ಕಾಟ ತಗ್ಗಿದ ಮೇಲೆ ಕಾಣುವ ಜೋಗ. ಭೋರ್ಗರೆಯುವ ಶ್ರಾವಣದ ಜೋಗವನ್ನು ಕಂಡವರು ಆಗ ಸಿದ್ದಾಪುರ, ಸಾಗರದ ಹಳ್ಳಿಯವರು ಮಾತ್ರ, ಅವರು ಪ್ರವಾಸ ಕಥನ ಬರೆಯಲಿಲ್ಲ.

ನಾಲ್ಕು ಧಾರೆಗಳ ಹೆಸರುಗಳನ್ನು ಈ ಬೆಳಕಿನಲ್ಲಿ ನೋಡಬೇಕು. ರಾಜಾ ಬಂಡೆಯ ತುದಿಯಿಂದ ಅಡೆತಡೆಯಿಲ್ಲದೆ ನೇರ ಬೀಳುತ್ತದೆ. ಅದರ ಪಕ್ಕದ ರೋರರ್ ಒಂದು ಕುಳಿಗೆ ಬಿದ್ದು, ಅಲ್ಲಿಂದ ಓರೆಯಾಗಿ ನುಗ್ಗಿ, ಅರ್ಧ ದಾರಿಯಲ್ಲಿ ರಾಜಾನನ್ನು ಸೇರುತ್ತದೆ. ರಾಕೆಟ್ ಚಾಚಿಕೊಂಡ ಬಂಡೆಗೆ ಬಡಿದು ಬಾಣಬಿರುಸಿನ ಹಾಗೆ ಸಿಡಿಯುತ್ತದೆ. ರಾಣಿ ಬಂಡೆಯ ಮೈಗೆ ಅಂಟಿಕೊಂಡೇ ನೊರೆಯಾಗಿ ಜಾರುತ್ತದೆ. ಇಂಗ್ಲಿಷರ ಪುಸ್ತಕಗಳಲ್ಲಿ ರಾಣಿಗೆ ‘ಲಾ ದಾಮ್ ಬ್ಲಾಂಶ್’ ಎಂಬ ಫ್ರೆಂಚ್ ಹೆಸರೂ ಇತ್ತು. ಈ ನಡೆಗಳನ್ನು ಹೀಗೆ ಬಿಡಿಸಿ ಗುರುತಿಸಲು ನೀರು ಒಂದು ಮಟ್ಟಕ್ಕೆ ಇಳಿದಿರಬೇಕು, ಗಾಳಿ ತಿಳಿಯಾಗಿರಬೇಕು. ಅಣೆಕಟ್ಟು ಇಲ್ಲದ ಕಾಲದ ತುಂಬು ಪ್ರವಾಹದಲ್ಲಿ ರಾಕೆಟ್ ಎಲ್ಲಿ ಮುಗಿದು ರಾಣಿ ಎಲ್ಲಿ ಶುರುವಾಯಿತೆಂದು ಹೇಳಲು ಯಾರಿಗೂ ಆಗುತ್ತಿರಲಿಲ್ಲ. ನಮ್ಮ ಶಾಲೆಯ ಮಕ್ಕಳು ಇವತ್ತಿಗೂ ಬಾಯಿಪಾಠ ಮಾಡುವ ಈ ನಾಲ್ಕು ಹೆಸರುಗಳು ಡಿಸೆಂಬರದ ಕಣ್ಣು ಇಟ್ಟ ಹೆಸರುಗಳು. ಜಲಪಾತದ ಎತ್ತರವನ್ನು ಅಳೆದವರೂ ಸಮುದ್ರದ ಕಡೆಯವರೇ. 1856ರಲ್ಲಿ ಆಗಿನ ಇಂಡಿಯನ್ ನೇವಿಯ ಅಧಿಕಾರಿಗಳು ರಾಜಾ ಧಾರೆಯ ಆಳವನ್ನು 829 ಅಡಿ ಎಂದು ಅಳೆದರು. ಇವತ್ತು ನಾವು ಹೇಳುವ 253 ಮೀಟರಿಗೂ ಅದಕ್ಕೂ ಒಂದಡಿಯಷ್ಟು ವ್ಯತ್ಯಾಸ. ಬಂದರುಗಳ ಆಳ ನೋಡಿ ಪಳಗಿದ ಕೈಗಳ ಅಳತೆ ಅಷ್ಟು ಕರಾರುವಾಕ್ಕಾಗಿತ್ತು.

ಕ್ಯಾಮೆರಾ ಈ ಚಳಿಗಾಲದ ನೋಟಕ್ಕೆ ಮುದ್ರೆ ಒತ್ತಿತು. 1851ರಲ್ಲಿ ಬಳಕೆಗೆ ಬಂದ ಕೊಲೋಡಿಯನ್ ವಿಧಾನದಲ್ಲಿ ಗಾಜಿನ ಫಲಕಕ್ಕೆ ಸ್ಥಳದಲ್ಲೇ ಮದ್ದು ಬಳಿದು, ಅದು ಹಸಿಯಾಗಿರುವಾಗಲೇ ಚಿತ್ರ ತೆಗೆದು, ಒಣಗುವ ಮುಂಚೆ ಕತ್ತಲ ಡೇರೆಯಲ್ಲಿ ತೊಳೆಯಬೇಕಿತ್ತು. ಎಲ್ಲ ಸೇರಿ ಹತ್ತು ಹದಿನೈದು ನಿಮಿಷದ ಅವಕಾಶ. ಗಾಜು, ಮದ್ದಿನ ಬಾಟಲಿ, ಡೇರೆ, ಮುಕ್ಕಾಲಿ ಎಲ್ಲವನ್ನೂ ಘಟ್ಟದ ಮೇಲೆ ಹೊತ್ತು ತರುವ ಆಳುಗಳಿರಬೇಕು, ಮಳೆ ಇರಬಾರದು, ಎದುರು ದಂಡೆಯಿಂದ ಮಂಜು ಏಳಬಾರದು. ಬೆಳಕಿಗೆ ಫಲಕ ಸೆಕೆಂಡುಗಟ್ಟಲೆ ತೆರೆದಿರಬೇಕಾದ್ದರಿಂದ ಬೀಳುವ ನೀರಿನ ಹನಿ ಹನಿ ಕಾಣದೆ ರೇಷ್ಮೆಯ ಎಳೆಯಂತೆ ಬಿಳಿಯಾಗಿ ಮೂಡುತ್ತಿತ್ತು. ಅಂದು ಯಂತ್ರದ ಮಿತಿಯಿಂದ ಬಂದ ಆ ನಯವನ್ನು ಇಂದಿನ ಛಾಯಾಗ್ರಾಹಕರು ಮಸೂರದ ಮುಂದೆ ಕಪ್ಪು ಗಾಜು ಸೇರಿಸಿ ಬೇಕೆಂದೇ ಪಡೆಯುತ್ತಾರೆ. ಜಲಪಾತ ಹೀಗೇ ಕಾಣಬೇಕೆಂಬ ರುಚಿಯೊಂದು ನೂರೈವತ್ತು ವರ್ಷದಿಂದ ನಮ್ಮೊಳಗೆ ಇಳಿದುಬಂದಿದೆ ಎಂಬುದಕ್ಕೆ ಇದು ಚಿಕ್ಕ ಸಾಕ್ಷಿ.

ಇಲ್ಲಿ ಘಟ್ಟದ ಮೇಲಿನವರ ಆಕ್ಷೇಪವೊಂದು ಎದುರಾಗುತ್ತದೆ. ಜೋಗದ ಪೂರ್ಣ ಮುಖ ಕಾಣುವುದು ಸಾಗರ ತಾಲ್ಲೂಕಿನ ದಂಡೆಯಿಂದ, ಎಂದರೆ ಆಗಿನ ಮೈಸೂರು ಸಂಸ್ಥಾನದಿಂದ. ಶಿವಮೊಗ್ಗದಿಂದ ರಸ್ತೆ ಇತ್ತು, ಮೈಸೂರು ಸರ್ಕಾರದ ಬಂಗಲೆ ಇತ್ತು. ಹಾಗಿರುವಾಗ ಹೊನ್ನಾವರಕ್ಕೆ ಇಷ್ಟು ಹಿರಿಮೆ ಏಕೆ? ಈ ಮಾತಿನಲ್ಲಿ ಸತ್ಯಾಂಶವಿದೆ, ಅದನ್ನು ಒಪ್ಪಬೇಕು. ಉತ್ತರ ಕನ್ನಡ ಜಿಲ್ಲೆ ಮದರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ವರ್ಗವಾದದ್ದು 1862ರಲ್ಲಿ. ಅಲ್ಲಿಂದ 1956ರ ಏಕೀಕರಣದವರೆಗೆ ಜಲಪಾತದ ಒಂದು ದಡ ಮುಂಬಯಿಯದು, ಇನ್ನೊಂದು ಮೈಸೂರಿನದು. ಮುಂಬಯಿ ದಡದ ಬಂಗಲೆಯಿಂದ ಸಿಗುತ್ತಿದ್ದದ್ದು ರಾಜಾ ಧಾರೆಯ ನೆತ್ತಿಯ ನೋಟ, ಬಂಡೆಯ ಅಂಚಿಗೆ ಹೊಟ್ಟೆ ಕೊಟ್ಟು ಮಲಗಿ ಕೆಳಗೆ ಇಣುಕುವ ನೋಟ. ಮೈಸೂರು ದಡದಿಂದ ಸಿಗುತ್ತಿದ್ದದ್ದು ಎದುರುನೋಟ. ಕಾರ್ಡುಗಳಿಗೆ, ಕ್ಯಾಲೆಂಡರುಗಳಿಗೆ ಗೆದ್ದದ್ದು ಎರಡನೆಯದೇ. ಇಪ್ಪತ್ತನೆಯ ಶತಮಾನ ಮುಂದುವರಿದು ರೈಲು, ಮೋಟಾರು ಬಂದ ಮೇಲೆ ಪ್ರವಾಸಿಗಳ ದಾರಿಯೂ ಆ ಕಡೆಗೇ ವಾಲಿತು. ಆದರೆ ಅಷ್ಟರಲ್ಲಿ ಹೆಸರು, ಅಳತೆ, ಋತು, ವರ್ಣನೆಯ ಧಾಟಿ ನಾಲ್ಕೂ ಗಟ್ಟಿಯಾಗಿದ್ದವು. ವೈಸರಾಯ್ ಆಗಿದ್ದಾಗ ಜೋಗಕ್ಕೆ ಬಂದ ಲಾರ್ಡ್ ಕರ್ಜನ್ ಮುಂದೆ ಜಗತ್ತಿನ ದೊಡ್ಡ ಜಲಪಾತಗಳ ಬಗ್ಗೆ ಬರೆಯುವಾಗ ಇದನ್ನೂ ಆ ಸಾಲಿಗೆ ಸೇರಿಸಿದ. ಅವನು ಕೈಗೆತ್ತಿಕೊಂಡದ್ದು ಆಗಲೇ ಸಿದ್ಧವಾಗಿದ್ದ ಒಂದು ನೋಟವನ್ನು.

ಹೊನ್ನಾವರದ ಕಥೆ ದೋಣಿಯದಾದರೆ ಕುಮಟೆಯ ಕಡೆಯ ಕಥೆ ಹತ್ತಿಯದು. ಧಾರವಾಡ ಸೀಮೆಯ ಹತ್ತಿ ದೇವಿಮನೆ ಘಟ್ಟ ಇಳಿದು ಕುಮಟೆಯ ಬಂದರಿಗೆ ಬರುತ್ತಿತ್ತು. 1861ರಿಂದ 65ರವರೆಗೆ ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿಯ ಹತ್ತಿ ನಿಂತುಹೋದಾಗ ಕುಮಟೆಯ ಹೆಸರು ಇಂಗ್ಲೆಂಡಿನ ಗಿರಣಿಗಳವರೆಗೆ ಹೋಯಿತು. ಆ ವ್ಯಾಪಾರದ ಗಾಡಿಗಳಿಗಾಗಿ ಘಟ್ಟದ ದಾರಿಗಳು ಅಗಲವಾದವು. ಕಾಡಿನೊಳಗಿನ ಜಲಪಾತಗಳು ಸರ್ಕಾರದ ಕಾಗದಕ್ಕೆ ಹತ್ತಿದ್ದು ಇಂಥ ಓಡಾಟದ ನಡುವೆಯೇ. ಸಿದ್ದಾಪುರ ತಾಲ್ಲೂಕಿನ ಹೆಗ್ಗರಣೆಯ ಬಳಿ ಅಘನಾಶಿನಿ 116 ಮೀಟರ್ ಧುಮುಕುವ ಉಂಚಳ್ಳಿ ಜಲಪಾತವನ್ನು 1845ರಲ್ಲಿ ಜೆ.ಡಿ. ಲಷಿಂಗ್ಟನ್ ಎಂಬ ಕಲೆಕ್ಟರ್ ‘ಕಂಡುಹಿಡಿದ’ ಎಂದು ಬರೆಯುವ ರೂಢಿ ಇವತ್ತಿಗೂ ಹೋಗಿಲ್ಲ, ಲಷಿಂಗ್ಟನ್ ಫಾಲ್ಸ್ ಎಂಬ ಫಲಕಗಳೂ ಹೋಗಿಲ್ಲ. ಮಾತು ಕೇಳದಷ್ಟು ಸದ್ದು ಮಾಡುವ ಈ ನೀರಿಗೆ ಸುತ್ತಲಿನವರು ಕೆಪ್ಪ ಜೋಗ ಎಂದು ಹೆಸರಿಟ್ಟಿದ್ದರು. ಅಧಿಕಾರಿಯ ಹೆಸರು ದೂರದಿಂದ ನೋಡಿದವನದು, ಊರಿನ ಹೆಸರು ಬುಡದಲ್ಲಿ ನಿಂತು ಕೇಳಿದವರದು. ಎರಡನೆಯದನ್ನು ಫಲಕಕ್ಕೆ ಬರೆಯಲು ಇನ್ನೂ ತಡಮಾಡುವುದಕ್ಕೆ ನನಗೆ ಯಾವ ಕಾರಣವೂ ಕಾಣುವುದಿಲ್ಲ. ಆದರೆ ಉಂಚಳ್ಳಿಯನ್ನು ಇಲ್ಲಿ ಪ್ರಸ್ತಾಪಿಸಿದ್ದಕ್ಕೆ ಇನ್ನೂ ದೊಡ್ಡ ಕಾರಣವಿದೆ. ಅದು ಮುಂದಿನ ಮಾತಿಗೆ ಬೇಕು.

1948ರಲ್ಲಿ ಶರಾವತಿಯ ನೀರಿನಿಂದ ಜೋಗದ ಬುಡದಲ್ಲಿ ವಿದ್ಯುತ್ ಹುಟ್ಟಿತು. ಮರುವರ್ಷ ಆ ಕೇಂದ್ರಕ್ಕೆ ಮಹಾತ್ಮ ಗಾಂಧಿಯವರ ಹೆಸರು ಬಂತು. ಅದಕ್ಕೆ ನೀರು ಕೂಡಿಡಲು ಮಡೆನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟು ಎದ್ದಿತ್ತು. 1964ರಲ್ಲಿ ಲಿಂಗನಮಕ್ಕಿ ಬಂದು ಆ ಅಣೆಕಟ್ಟನ್ನೇ ತನ್ನ ಹಿನ್ನೀರಿನಲ್ಲಿ ಮುಳುಗಿಸಿತು. ಲಿಂಗನಮಕ್ಕಿಯ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 1,819 ಅಡಿ. ಮಳೆಗಾಲದಲ್ಲಿ ಮಲೆನಾಡಿನ ಮನೆಗಳಲ್ಲಿ ಪತ್ರಿಕೆ ಬಿಡಿಸಿದ ಕೂಡಲೇ ಹುಡುಕುವ ಅಂಕಿ ಅದು. ಹಳ್ಳಿಗೆ ಹಳ್ಳಿಯೇ ಮುಳುಗಿ ಎದ್ದುಹೋದ ಕುಟುಂಬಗಳಲ್ಲಿ ಎಷ್ಟೋ ಮಂದಿ ಭೂಮಿಯ ಹಕ್ಕಿಗಾಗಿ ಇಂದಿಗೂ ಕಚೇರಿ ಸುತ್ತುತ್ತಿದ್ದಾರೆ. ಅವರ ನಷ್ಟದ ಮುಂದೆ ನೋಟದ ನಷ್ಟ ಚಿಕ್ಕದು ಎಂಬುದನ್ನು ಮೊದಲು ಹೇಳಿಯೇ ಮುಂದೆ ಹೋಗಬೇಕು. 1,035 ಮೆಗಾವಾಟಿನ ಶರಾವತಿ ಕೇಂದ್ರ ದಶಕಗಳ ಕಾಲ ಕರ್ನಾಟಕದ ಮನೆ, ಗಿರಣಿಗಳಿಗೆ ಬೆಳಕು ಕೊಟ್ಟಿತು ಎಂಬುದೂ ನಿಜ. ಜಲಪಾತಕ್ಕೆ ಆದದ್ದು ಇಷ್ಟು: ಮಳೆ ನಿಂತ ಮೇಲೆ ಹೊಳೆಯಲ್ಲಿ ಹರಿದುಬರಬೇಕಾದ ನೀರು ಅಣೆಕಟ್ಟಿನ ಹಿಂದೆ ನಿಂತು, ಕೊಳವೆ ಹಿಡಿದು ಟರ್ಬೈನಿಗೆ ಹೋಗತೊಡಗಿತು. ನವೆಂಬರ್–ಡಿಸೆಂಬರದಲ್ಲಿ, ಹಳೆಯ ಫೋಟೊಗಳ ತಿಂಗಳುಗಳಲ್ಲಿ, ಬಂಡೆಯ ಮೇಲೆ ಉಳಿದದ್ದು ಎಳೆಗಳು. ತುಂಬಿದ ಜೋಗ ಬೇಕೆಂದರೆ ಅಣೆಕಟ್ಟಿನ ಕೆಳಗಿನ ಹಳ್ಳಗಳು ಮಳೆಯಲ್ಲಿ ಉಕ್ಕಬೇಕು, ಇಲ್ಲವೇ 1,819 ಮುಟ್ಟಿ ಗೇಟು ಎತ್ತಬೇಕು. ನೋಡುವ ಋತುವನ್ನು ಹಿಂದೆ ಹೊನ್ನಾವರದ ಅಳಿವೆ ಗೊತ್ತುಮಾಡುತ್ತಿತ್ತು, ಈಗ ಲಿಂಗನಮಕ್ಕಿಯ ಗೇಟು ಮಾಡುತ್ತದೆ.

ಕನ್ನಡಿಗರ ಮನಸ್ಸಿನ ಜೋಗ ಈ ಬದಲಾವಣೆಯನ್ನು ನಿಧಾನವಾಗಿ ಅನುಸರಿಸಿತು. ಕೆ.ಎಸ್. ನಿಸಾರ್ ಅಹಮದ್ ಅವರ ‘ನಿತ್ಯೋತ್ಸವ’ 1978ರಲ್ಲಿ ಧ್ವನಿಸುರುಳಿಯಾಗಿ ಮನೆಮನೆ ಹೊಕ್ಕಾಗ ಲಿಂಗನಮಕ್ಕಿಗೆ ಆಗಲೇ ಹದಿನಾಲ್ಕು ವರ್ಷ, ಆದರೂ ಜೋಗ ನಾಡಿನ ಸಿರಿಯ ಮೊದಲ ಸಂಕೇತವಾಗಿಯೇ ನಿಂತಿತ್ತು. 2006ರ ಕೊನೆಯಲ್ಲಿ ಬಂದ ‘ಮುಂಗಾರು ಮಳೆ’ ಮಳೆಗಾಲದ ಜೋಗವನ್ನು ಆಕಾಶದಿಂದ ತೋರಿಸಿತು. ಒಂದಾಗಿ ಸುರಿಯುವ ನೀರೇ ಜೋಗದ ನಿಜರೂಪವೆಂದು ಒಂದು ಇಡೀ ಪೀಳಿಗೆ ನಂಬಿದ್ದು ಆ ಬಳಿಕ. ಅಷ್ಟರಲ್ಲಿ ಹೊನ್ನಾವರದ ದೋಣಿದಾರಿಯ ಕಥೆಯೂ ಮುಗಿದಿತ್ತು. ಬಸ್ಸು, ಕಾರು ಗೇರುಸೊಪ್ಪೆಯಲ್ಲಿ ನಿಲ್ಲದೆ ಮಾವಿನಗುಂಡಿಯ ಕಡೆ ಏರಿಹೋಗುತ್ತವೆ. ಗೇರುಸೊಪ್ಪೆಯಲ್ಲೇ 240 ಮೆಗಾವಾಟಿನ ಟೇಲ್‌ರೇಸ್ ಅಣೆಕಟ್ಟು ಕಟ್ಟಿದ ಮೇಲೆ ಆ ಹೊಳೆಯ ನೀರು ಏರಿಳಿಯುವುದಕ್ಕೆ ವಿದ್ಯುತ್ ಬೇಡಿಕೆಯೂ ಒಂದು ಕಾರಣವಾಯಿತು. ವರ್ಷವಿಡೀ ಬರುವ ಸಿಹಿನೀರಿನಿಂದ ಶರಾವತಿಯ ಅಳಿವೆಯ ಉಪ್ಪಿನಂಶ ತಗ್ಗಿ ಬೆಳಚು ಎಂಬ ಚಿಪ್ಪುಜೀವಿ ಕಡಿಮೆಯಾಯಿತೆಂದು ಭಾರತೀಯ ವಿಜ್ಞಾನ ಸಂಸ್ಥೆಯವರ ಅಧ್ಯಯನಗಳು ಹೇಳಿವೆ. ಅಣೆಕಟ್ಟಿಲ್ಲದ ಅಘನಾಶಿನಿಯ ಅಳಿವೆಯಲ್ಲಿ ಕುಮಟೆಯ ಹೆಂಗಸರೂ ಗಂಡಸರೂ ಇಂದಿಗೂ ಇಳಿತದ ಹೊತ್ತಿಗೆ ಕೆಸರಿಗಿಳಿದು ಬೆಳಚು ಹೆಕ್ಕುತ್ತಾರೆ.

ಉಂಚಳ್ಳಿಯ ಮಹತ್ವ ಇಲ್ಲಿದೆ. ಶರಾವತಿಯೂ ಅಘನಾಶಿನಿಯೂ ಒಂದೇ ಮಳೆಯ, ಒಂದೇ ಘಟ್ಟದ ಅಕ್ಕಪಕ್ಕದ ಹೊಳೆಗಳು. ಒಂದಕ್ಕೆ ಅಣೆಕಟ್ಟು ಬಂತು, ಇನ್ನೊಂದಕ್ಕೆ ಬರಲಿಲ್ಲ. ಉಂಚಳ್ಳಿಯಲ್ಲಿ ಆಷಾಢದ ಮಂಜು ಆಶ್ವೀಜದಲ್ಲಿ ತಿಳಿಯಾಗುತ್ತದೆ, ದೀಪಾವಳಿ ಕಳೆದ ಮೇಲೆ ನೀರು ತಾನಾಗಿ ಸಣ್ಣದಾಗುತ್ತ ಬಂಡೆಯ ಮೆಟ್ಟಿಲುಗಳು ಒಂದೊಂದಾಗಿ ಹೊರಬರುತ್ತವೆ, ಬೇಸಗೆಯಲ್ಲಿ ಧಾರೆ ಬಡಕಲಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಪ್ರವಾಸಿ ಜೋಗದಲ್ಲಿ ಕಂಡ ಋತುಕ್ರಮ ಇದೇ. ಹಳೆಯ ಬರಹಗಾರರು ಉತ್ಪ್ರೇಕ್ಷೆ ಮಾಡಿರಬೇಕು, ಮಳೆ ನಿಂತ ಮೇಲೆ ಜೋಗದಲ್ಲಿ ಅಷ್ಟು ನೀರು ಎಲ್ಲಿಂದ ಬಂತು ಎಂದು ಅನುಮಾನಿಸುವವರಿಗೆ ಪಕ್ಕದ ಹೊಳೆಯೇ ಜವಾಬು ಕೊಡುತ್ತದೆ. ಘಟ್ಟದ ಕಾನುಗಳು ಮಳೆನೀರನ್ನು ಹಿಡಿದು ತಿಂಗಳುಗಟ್ಟಲೆ ಬಿಡುತ್ತವೆ, ಜಲಪಾತದ ಚಳಿಗಾಲ ನಿಂತಿರುವುದು ಆ ಕಾಡಿನ ಮೇಲೆ. ಸಿಂಗಳೀಕಗಳ ಅಘನಾಶಿನಿ ಕಣಿವೆಗೆ 2011ರಲ್ಲಿ ಸಂರಕ್ಷಿತ ಪ್ರದೇಶದ ಸ್ಥಾನ ಸಿಕ್ಕಾಗ ಜಲಪಾತದ ಕಥೆಗೂ ಅಷ್ಟೇ ನೆರವಾಯಿತು ಎಂದು ನಾನು ತಿಳಿಯುತ್ತೇನೆ.

ಜೋಗ ಗೇಟಿನ ಲೆಕ್ಕಕ್ಕೆ ಬಿದ್ದ ಮೇಲೆ ನೋಡುವವರ ಆಸೆ ಕಾಡಿನೊಳಗಿನ ಚಿಕ್ಕ ನೀರುಗಳ ಕಡೆ ಹರಿದದ್ದು ಸಹಜ. 1998ರಲ್ಲಿ ಕೊಂಕಣ ರೈಲು ಓಡತೊಡಗಿ ಕುಮಟಾ, ಹೊನ್ನಾವರ, ಭಟ್ಕಳ ಮೂರೂ ನಿಲ್ದಾಣಗಳಾದವು. ಆಮೇಲೆ ಬೈಕು, ಆಮೇಲೆ ಕಿಸೆಯ ಕ್ಯಾಮೆರಾ. ಯಾಣದ ಹತ್ತಿರದ ವಿಭೂತಿ, ಭಟ್ಕಳ–ಸಾಗರ ದಾರಿಯಿಂದ ಒಳಗಿರುವ ದಬ್ಬೆ, ಅಪ್ಸರಕೊಂಡ, ಭೀಮೇಶ್ವರ ಎಲ್ಲವೂ ಮಳೆಗಾಲದ ಚಿತ್ರಗಳಾಗಿವೆ. ಮಳೆ ಜೋರಾದಾಗ ಆಡಳಿತ ಪ್ರವೇಶ ನಿಷೇಧಿಸುತ್ತದೆ, ಆದರೂ ಜಾರಿ ಬಿದ್ದವರ ಸುದ್ದಿ ಬರುತ್ತಲೇ ಇರುತ್ತದೆ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆಯೇ ಗುಡ್ಡ ಕುಸಿದ ಮೇಲೆ ಈ ಜಿಲ್ಲೆಯ ಮಳೆಗಾಲವನ್ನು ಮೋಜಿನ ಕಾಲವೆಂದು ಹೇಳಲು ಯಾರಿಗೂ ಬಾಯಿ ಬರಬಾರದು. ಇದಕ್ಕೆ ಎದುರಾಗಿ ಒಂದು ನ್ಯಾಯವಾದ ಮಾತಿದೆ. ಮೇನೆಯಲ್ಲಿ ಹೊರಿಸಿಕೊಂಡು ಹೋದ ನಾಲ್ಕು ಜನ ದೊರೆಗಳ ನೋಟಕ್ಕಿಂತ ಸ್ಕೂಟರಿನಲ್ಲಿ ಬರುವ ಸಾವಿರ ಜನ ಕೂಲಿಕಾರರ, ವಿದ್ಯಾರ್ಥಿಗಳ ನೋಟ ಮೇಲಲ್ಲವೇ? ಖಂಡಿತ ಮೇಲು. ಜಲಪಾತ ನೋಡುವ ಹಕ್ಕು ಎಲ್ಲರದೂ ಆದದ್ದು ಕಳೆದ ಐವತ್ತು ವರ್ಷದ ಒಳ್ಳೆಯ ಸಂಗತಿಗಳಲ್ಲಿ ಒಂದು. ನನ್ನ ತಕರಾರು ಬಂದವರ ಸಂಖ್ಯೆಯ ಮೇಲಿಲ್ಲ. ಅಷ್ಟೂ ಜನ ಅತ್ಯಂತ ಅಪಾಯದ ಎಂಟು ವಾರಗಳಲ್ಲೇ ಬಂದು ಸೇರುವಂತೆ ಮಾಡಿದ ವ್ಯವಸ್ಥೆಯ ಮೇಲಿದೆ. ಅಣೆಕಟ್ಟಿಲ್ಲದ ಉಂಚಳ್ಳಿ, ವಿಭೂತಿ ನವೆಂಬರ್‌ನಲ್ಲಿ ಸ್ವಚ್ಛವಾಗಿ, ಸುರಕ್ಷಿತವಾಗಿ ಕಾಣುತ್ತವೆ. ಆದರೆ ಜೋಗದಲ್ಲಿ ಕಲಿತ ಮಳೆಗಾಲದ ಅಭ್ಯಾಸವನ್ನು ಜನ ಅಲ್ಲಿಗೂ ಹೊತ್ತುಕೊಂಡು ಹೋಗುತ್ತಾರೆ.

ಜೋಗವನ್ನು ಸರ್ವಋತು ಜಲಪಾತ ಮಾಡುವ ಪ್ರಸ್ತಾಪ ಹಲವು ಸಲ ಕೇಳಿಬಂದಿದೆ. ಬಿದ್ದ ನೀರನ್ನು ಕೆಳಗೆ ಹಿಡಿದು, ಪಂಪು ಮಾಡಿ, ಮತ್ತೆ ಮೇಲಿಂದ ಬೀಳಿಸುವ ಆಲೋಚನೆ ಅದು. ಇದನ್ನು ಮುಂದಿಡುವವರ ಕಣ್ಣಲ್ಲಿ ಇರುವುದು ಹಳೆಯ ಕಾರ್ಡಿನ ನಾಲ್ಕು ಧಾರೆಗಳೇ. ಆದರೆ ಆ ನಾಲ್ಕು ಧಾರೆ ಸರ್ವಋತುವಿನದಾಗಿರಲಿಲ್ಲ, ತುಂಬು ಮಳೆಗೂ ಬೇಸಗೆಗೂ ನಡುವಿನ ಮೂರು ನಾಲ್ಕು ತಿಂಗಳಿನದು. ಅದನ್ನು ಮರಳಿ ಪಡೆಯಲು ಪಂಪು ಬೇಡ. ಮಳೆ ಚೆನ್ನಾಗಿ ಆದ ವರ್ಷ ಲಿಂಗನಮಕ್ಕಿಯಿಂದ ನವೆಂಬರ್, ಡಿಸೆಂಬರದ ಕೆಲವು ದಿನಗಳಿಗೆ ಮೊದಲೇ ಸಾರಿ ಹೇಳಿ, ಅಳತೆಯಿಟ್ಟು ನೀರು ಬಿಟ್ಟರೆ ಸಾಕು. ಉತ್ಪಾದನೆಯಲ್ಲಿ ಆಗುವ ಖೋತಾ ಎಷ್ಟೆಂದು ವಿದ್ಯುತ್ ನಿಗಮದ ಎಂಜಿನಿಯರುಗಳು ಲೆಕ್ಕ ಹಾಕಿ ಜನರ ಮುಂದಿಡಬಹುದು, ಆ ಲೆಕ್ಕದ ಮೇಲೆ ಚರ್ಚೆ ನಡೆಯಬಹುದು. ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ಕಾಡಿನಡಿ ಸುರಂಗ ಕೊರೆದು 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆ ತರುವ ಬಗ್ಗೆ ಹೊನ್ನಾವರದಿಂದ ಸಾಗರದವರೆಗೆ ಜನ ವಿರೋಧ ಎತ್ತಿರುವ ಈ ದಿನಗಳಲ್ಲಿ ಇಂಥ ಲೆಕ್ಕ ತುರ್ತಾಗಿ ಬೇಕು. ದೆಲ್ಲಾ ವಾಲ್ಲೆ ದೋಣಿ ಇಳಿದು ಘಟ್ಟ ಹತ್ತಿದ ಕಣಿವೆಯೇ ಇದು. ಗ್ರಂಥಾಲಯಗಳಲ್ಲಿ, ಹಳೆಯ ಮನೆಗಳ ಗೋಡೆಗಳಲ್ಲಿ ಉಳಿದಿರುವ ಜೋಗದ ಫೋಟೊಗಳನ್ನು ಕೂಡಿಸಿ, ಪ್ರತಿಯೊಂದರ ತಿಂಗಳು, ವರ್ಷ ಪತ್ತೆಮಾಡಿದರೆ ಯಾವ ತಿಂಗಳಲ್ಲಿ ಶರಾವತಿ ಎಷ್ಟು ಹರಿಯುತ್ತಿತ್ತು ಎಂಬುದಕ್ಕೆ ಅಣೆಕಟ್ಟಿನ ಮೊದಲಿನ ದಾಖಲೆಯೊಂದು ಸಿಗುತ್ತದೆ. ಅದನ್ನು ಕೈಗೆತ್ತಿಕೊಳ್ಳಬಲ್ಲ ಕಾಲೇಜುಗಳು ಹೊನ್ನಾವರದಲ್ಲೂ ಕುಮಟೆಯಲ್ಲೂ ಇವೆ.